ಹಿತ್ತಲ ಕೋಣೆಯ ಡೇಟಾ ಸೆಂಟರ್

ಆ ಬೆಳಿಗ್ಗೆಯೂ ಅಂಗಳಕ್ಕೆ ನೀರು ಚಿಮುಕಿಸಿ, ರಂಗೋಲಿ ಎಳೆದು, ದೇವರ ಮನೆಯಿಂದ ವಿಭೂತಿ ಗಟ್ಟಿ ತೆಗೆದುಕೊಂಡು ಹಿತ್ತಲ ಕೋಣೆಗೆ ಹೋದೆ. ಮೊದಲು ಅಲ್ಲಿ ಜೀನ್ಸ್ ಹೊಲಿಯುವ ಯಂತ್ರಗಳಿದ್ದವು. ನಮ್ಮ ಮನೆಯಲ್ಲಿ ಯಾವ ಯಂತ್ರವೇ ಆಗಲಿ, ವಿಭೂತಿ ಹಚ್ಚಿಸಿಕೊಳ್ಳದೆ ಕೆಲಸಕ್ಕೆ ಕೂರುವುದಿಲ್ಲ. ಹೊಲಿಗೆ ನಿಂತ ಮೇಲೆ ನನ್ನ ಗಂಡ ಮತ್ತು ಮೈದುನ ಸೇರಿ ಅಲ್ಲಿ ಕಂಪ್ಯೂಟರುಗಳನ್ನು ಸಾಲಾಗಿ ಜೋಡಿಸಿದ್ದರು. ಒಂದೊಂದರೊಳಗೂ ಒಂದು ಗ್ರಾಫಿಕ್ಸ್ ಕಾರ್ಡು. ವಿಡಿಯೋ ಗೇಮ್ ಆಡುವವರು ಕೊಳ್ಳುವಂಥದು. ಎಕ್ಸ್‌ರೇ ಚಿತ್ರ ಓದುವುದನ್ನು ಕಂಪ್ಯೂಟರಿಗೆ ಕಲಿಸುವ ದೂರದ ಒಂದು ಕಂಪನಿ ಅವನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ಬಳಸುತ್ತಿತ್ತು. ನಮ್ಮದು, ಮೈದುನನದು ಎರಡೂ ಮನೆಗಳು ನಡೆಯುತ್ತಿದ್ದುದು ಅದರಿಂದಲೇ.

ನಾನು ಧೂಳು ಒರೆಸುತ್ತಿರುವಾಗ ಗಂಡ ಫೋನ್ ಹಿಡಿದು ಬಂದರು. ಒಪ್ಪಂದ ಮುಂದುವರಿಯಬೇಕಾದರೆ, ಇಲ್ಲಿನ ಸಾಫ್ಟ್‌ವೇರನ್ನೆಲ್ಲ ಲೈಸೆನ್ಸಿನ ಪ್ರಕಾರವೇ ಬಳಸುತ್ತಿದ್ದೇವೆಂದು ಸಹಿ ಮಾಡಿ ಅಂದೇ ಕಳಿಸಬೇಕೆಂದು ಕಂಪನಿಯವರು ಬರೆದಿದ್ದರು.

“ನೀ ಕಾನ್ವೆಂಟಿನ್ಯಾಗ ಓದಿದಾಕಿ, ಆ ಲೈಸೆನ್ಸ್ ಏನೈತಿ ನೋಡಿ ಹೇಳು. ನಂಗ ಸಾಲಿನ ತುದಿಗೆ ಹೋಗೋದ್ರಾಗ ಮೊದ್ಲಿಂದು ಮರ್ತಿರ್ತತಿ.”

ಅಡುಗೆಮನೆಗೆ ಬಂದು ಒಲೆ ಆರಿಸಿ ಕೂತು ಓದಿದೆ. ನಡುವೆ ಒಂದು ಸಣ್ಣ ವಾಕ್ಯ: ಈ ಕಾರ್ಡನ್ನು ನಡೆಸುವ ಸಾಫ್ಟ್‌ವೇರನ್ನು ಡೇಟಾ ಸೆಂಟರುಗಳಲ್ಲಿ ಬಳಸುವಂತಿಲ್ಲ. ಡಿಜಿಟಲ್ ನಾಣ್ಯ ಗಳಿಸುವಂಥ ಬ್ಲಾಕ್‌ಚೈನ್ ಕೆಲಸಕ್ಕೆ ಮಾತ್ರ ವಿನಾಯಿತಿ. ಮತ್ತೆ ಮೇಲಿನಿಂದ ಓದಿದೆ. ರೋಗಿಗಳ ಎದೆಯ ಚಿತ್ರಗಳಿಗೆ ವಿನಾಯಿತಿ ಎಲ್ಲೂ ಇರಲಿಲ್ಲ.

ಚಹಾಕ್ಕೆ ಬಂದಿದ್ದ ಮೈದುನ ಕೇಳಿ ನಕ್ಕ. “ಕಾರ್ಡು ನಾವು ರೊಕ್ಕ ಕೊಟ್ಟು ತಂದದ್ದು ಅತ್ತಿಗಿ. ಎಮ್ಮಿ ಮಾರಿದವ ಬಂದು, ಅದನ್ನ ಎಲ್ಲಿ ಕಟ್ಟಬೇಕಂತ ಹೇಳ್ತಾನೇನ್ರಿ?”

“ಕಾರ್ಡು ನಮ್ಮದಪ್ಪ. ಸಾಫ್ಟ್‌ವೇರ್ ಅವರದು, ಬಳಸಾಕ ಕೊಟ್ಟಾರ ಅಷ್ಟ. ಹಾಕುವಾಗ ಒಪ್ಪೇನಿ ಅಂತ ಒತ್ತಿರ್ತೀರಲ್ಲ.”

“ಅದನ್ನ ಓದಿ ಒತ್ತಿದವ್ರನ್ನ ಒಬ್ಬರನ್ನ ತೋರಸ್ರಿ ನೋಡೋಣ. ಹೋಗ್ಲಿ, ಡೇಟಾ ಸೆಂಟರ್ ಅಂದ್ರ ಏನಂತ ಬರದಾರ?”

ಹುಡುಕಿದೆ. ಬರೆದಿರಲಿಲ್ಲ.

“ಮುಗೀತಲ್ಲ. ಇದು ಹಿತ್ತಲ ಕೋಣಿ ಅಂತ ಬರೀರಿ.”

ಗಂಡ ಹಿತ್ತಲ ಕೋಣೆಯ ಬಾಗಿಲಿನ ಕಡೆ ನೋಡಿದರು. ಗಡಿ ಊರಾದ ನಮ್ಮ ರಾಯದುರ್ಗದಲ್ಲಿ ಎರಡು ಹೊಲಿಗೆ ಯಂತ್ರವಿದ್ದರೂ ಬಾಗಿಲ ಮೇಲೆ ‘ಇಂಡಸ್ಟ್ರೀಸ್’ ಎಂಬ ಬೋರ್ಡು ಬೀಳುತ್ತದೆ. ಅದೇ ರೂಢಿಯಲ್ಲಿ ಇವರೂ ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ‘ಡೇಟಾ ಸೆಂಟರ್’ ಎಂದು ಬರೆಸಿದ್ದರು. ಪೂಜೆಯ ದಿನ ಅಣ್ಣತಮ್ಮಂದಿರು ಅದರ ಕೆಳಗೆ ಹಾರ ಹಾಕಿಕೊಂಡು ನಿಂತ ಫೋಟೋ ನೋಡಿಯೇ ಕಂಪನಿ ಕೆಲಸ ಕೊಟ್ಟಿತ್ತು.

“ಬೋರ್ಡ್ ಇಳಿಸಿದ್ರಾತು,” ಅಂದ ಮೈದುನ.

“ಇಳಸಬಹುದು. ಒಳಗ ನಡಿಯೋದು ಅದ ಕೆಲಸ ಅಲ್ಲೇನೋ? ಸಹಿ ನಂದು,” ಅಂದರು ಗಂಡ.

“ಡೇಟಾ ಸೆಂಟರಿಗಂತ ಬೇರೆ ಕಾರ್ಡ್ ಬರ್ತಾವ. ಅವನ್ನ ತರಬೇಕಂದ್ರ ಮನಿ ಮಾರಬೇಕು. ಗೊತ್ತೈತಲ್ಲ?”

“ಗೊತ್ತೈತಿ.”

ಮೈದುನ ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಗಂಡ ಹೇಳುತ್ತ ಹೋದರು, ನಾನು ಇಂಗ್ಲಿಷಿನಲ್ಲಿ ಬರೆದೆ: ಇಂಥ ವಾಕ್ಯವಿದೆ, ಆದ್ದರಿಂದ ಸಹಿ ಮಾಡಲಾರೆವು. ಎರಡನೇ ಸಲ ಓದಿ ಹೇಳೆಂದರು; ಓದಿದೆ. ಮಧ್ಯಾಹ್ನ ಉತ್ತರ ಬಂತು. ಬಹಳ ಮರ್ಯಾದೆಯ ಮಾತು. ನಿಜ ತಿಳಿಸಿದ್ದಕ್ಕೆ ವಂದನೆ, ಇಂದಿನಿಂದ ಕೆಲಸ ನಿಲ್ಲಿಸಿ ಎಂದಿತ್ತು.

ಊಟ ಮಾಡದೆಯೇ ಹೋಗಿ ಗಂಡ ಒಂದೊಂದಾಗಿ ಆರಿಸಿದರು. ಪ್ರತಿಯೊಂದರ ಫ್ಯಾನೂ ತುಸು ಹೊತ್ತು ಸುಮ್ಮನೆ ತಿರುಗಿ ನಿಲ್ಲುತ್ತಿತ್ತು. ಅದು ಪೂರ್ತಿ ನಿಲ್ಲುವವರೆಗೆ ಕಾದು ಮುಂದಿನದಕ್ಕೆ ಕೈ ಹಾಕುತ್ತಿದ್ದರು. ಕೊನೆಯದೂ ನಿಂತಾಗ ಪಕ್ಕದ ಮನೆಯ ಹೊಲಿಗೆ ಯಂತ್ರದ ಸದ್ದು ಕೇಳಿಸಿತು. ಅಷ್ಟು ತಿಂಗಳು ಅದು ನಮಗೆ ಕೇಳಿಸಿಯೇ ಇರಲಿಲ್ಲ. ಅನ್ನ ಬಡಿಸಲೇ ಅಂದೆ. ತಲೆಯಾಡಿಸಿದರು, ಏಳಲಿಲ್ಲ.

ಎರಡು ದಿನದಿಂದ ಮೋಡ ಕವಿದಿತ್ತು. ಸಂಜೆ ಪಕ್ಕದ ಮನೆಯಾಕೆ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಹಿತ್ತಲ ಗೋಡೆಯಾಚೆಯಿಂದ ಕರೆದಳು.

“ಅಕ್ಕಾರ, ಇವತ್ತ ನಿಮ್ಮ ಕಿಟಕಿಯಾಗಿಂದ ಬಿಸಿಗಾಳಿನ ಬರ್ಲಿಲ್ರಿ. ಕೂಸಿನ ಅರಬಿ ಒಂದೂ ಒಣಗಿಲ್ಲ. ನಾಳಿ ಕಂಪ್ಯೂಟರ್ ಹಚ್ತೀರಲ್ಲ?”