ಗೀಟು ಹೊಡೆದ ಕೊನೆಯ ಪುಟ

ರಾಯಚೂರು ಸೀಮೆಯ ಬಿಸಿಲಲ್ಲಿ ಬೆಳೆದವಳು ಶಾಖದ ಪರೀಕ್ಷೆಯಲ್ಲಿ ಫೇಲಾದಳೆಂದರೆ ಯಾರಾದರೂ ನಗುತ್ತಾರೆ. ನಾನು ಎರಡು ಸಲ ಫೇಲಾಗಿದ್ದೆ. ಜರ್ಮನಿಯ ಒಂದು ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಎಂ.ಎಸ್. ಓದಲು ಹೋಗಿದ್ದೆ. ಅಲ್ಲಿ ಹೀಟ್ ಟ್ರಾನ್ಸ್‌ಫರ್ ಕಡ್ಡಾಯ ವಿಷಯ. ಮೊದಲ ಸಲ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಾಯಿಪಾಠ ಮಾಡಿಕೊಂಡು ಹೋದೆ. ರಾಯಚೂರಿನ ಕಾಲೇಜಿನಲ್ಲಿ ನಾಲ್ಕು ವರ್ಷ ನನ್ನನ್ನು ದಡ ಸೇರಿಸಿದ್ದೇ ಆ ಉಪಾಯ. ಜರ್ಮನಿಯಲ್ಲಿ ಒಂದು ಪ್ರಶ್ನೆಯೂ ಮರಳಿ ಬರಲಿಲ್ಲ. ಎರಡನೆಯ ಸಲ ಹೊತ್ತು ಸಾಲಲಿಲ್ಲ.

ಆ ವಿಶ್ವವಿದ್ಯಾಲಯದಲ್ಲಿ ಒಂದು ಪರೀಕ್ಷೆಗೆ ಮೂರೇ ಸಲ ಕೂರಬಹುದು. ಮೂರನೆಯದೂ ಕೈಕೊಟ್ಟರೆ ಹೆಸರು ತೆಗೆದು ಮನೆಗೆ ಕಳಿಸುತ್ತಾರೆ. ನಮ್ಮ ಕಡೆ ಸಪ್ಲಿಮೆಂಟರಿ ಕಟ್ಟುತ್ತಲೇ ಮದುವೆಯಾಗಿ, ಮಕ್ಕಳಾಗಿ, ಆಮೇಲೆ ಪಾಸಾದವರಿದ್ದಾರೆ. ಅಂಥ ದೊಡ್ಡ ಮನಸ್ಸು ಅಲ್ಲಿಲ್ಲ.

ಅಪ್ಪನಿಗೆ ಇದ್ಯಾವುದನ್ನೂ ಹೇಳಿರಲಿಲ್ಲ. ಅಪ್ಪ ದೇವದುರ್ಗದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ನಮ್ಮ ಮನೆ ಇರುವುದು ಮಾನ್ವಿಯಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹಿಡಿದು, ಸಿರವಾರ ದಾಟಿ ಹೋಗಿ, ಸಂಜೆ ಪೇಪರಿನ ಕಟ್ಟು ಹೊತ್ತು ಬರುತ್ತಾರೆ. ಮಗಳಿಗೂ ಗಣಿತ ಕಲಿಸಿದವರು ಅವರೇ. ಅವರ ಕಟ್ಟುನಿಟ್ಟು ಒಂದಿತ್ತು: ರಫ್ ಕೆಲಸವೆಲ್ಲ ಕೊನೆಯ ಪುಟದಲ್ಲಿ ಮಾಡಬೇಕು, ಪೇಪರು ಕೊಡುವ ಮುಂಚೆ ಅದರ ಮೇಲೆ ಮೂಲೆಯಿಂದ ಮೂಲೆಗೆ ಗೀಟು ಹೊಡೆಯಬೇಕು. ಗೀಟು ಹೊಡೆಯದ ಪೇಪರೆಂದರೆ ತಲೆ ಬಾಚಿಕೊಳ್ಳದೆ ಮದುವೆಗೆ ಹೋದಂತೆ ಎನ್ನುತ್ತಿದ್ದರು. ನಾನು ತಲೆ ಬಾಚದೆ ಎಷ್ಟೋ ಮದುವೆಗೆ ಹೋಗಿದ್ದೇನೆ, ಗೀಟು ಮಾತ್ರ ಒಮ್ಮೆಯೂ ಮರೆತಿಲ್ಲ.

ಮೂರನೆಯ ಸಲ ನಿಜಕ್ಕೂ ಓದಿಕೊಂಡು ಹೋದೆ. ಎಲ್ಲಕ್ಕಿಂತ ಹೆಚ್ಚು ಅಂಕದ ಲೆಕ್ಕ ಮೂರು ಪದರದ ಗೋಡೆಯದು, ಅದರಲ್ಲಿ ಶಾಖ ಹೇಗೆ ದಾಟುತ್ತದೆ ಎಂದು ತೋರಿಸಬೇಕು. ಕೊನೆಯ ಪುಟದಲ್ಲಿ ಅದನ್ನು ಪೂರ್ತಿ ಬಿಡಿಸಿದೆ, ಉತ್ತರ ಬಂತು. ಅದನ್ನು ಉತ್ತರದ ಪುಟಕ್ಕೆ ಚೆಂದಾಗಿ ಇಳಿಸುತ್ತಾ ಅರ್ಧಕ್ಕೆ ಬಂದಿದ್ದೆ, ಇನ್ನೆರಡೇ ನಿಮಿಷ ಎಂದು ಕೂಗಿದರು. ಬುದ್ಧಿ ಇದ್ದವರು ಆ ಎರಡು ನಿಮಿಷ ಇನ್ನಷ್ಟು ಇಳಿಸುತ್ತಿದ್ದರು. ನಾನು ಸ್ಕೇಲು ತೆಗೆದು, ಕೊನೆಯ ಪುಟ ತಿರುವಿ, ಮೂಲೆಯಿಂದ ಮೂಲೆಗೆ ಗೀಟು ಹೊಡೆದು, ನೆಮ್ಮದಿಯಿಂದ ಪೇಪರು ಕೊಟ್ಟು ಬಂದೆ.

ಫಲಿತಾಂಶ ಬಂದಾಗ ಪಾಸಿಗೆ ಐದು ಅಂಕ ಕಡಿಮೆಯಿತ್ತು. ಅಂದು ನಾನು ಅಳಲಿಲ್ಲ. ಅನ್ನಕ್ಕಿಟ್ಟು, ಅದು ಸೀದು ಹೋಗುವ ತನಕ ಒಲೆಯ ಮುಂದೆ ನಿಂತಿದ್ದೆ. ಆ ಭಾನುವಾರ ಫೋನಿನಲ್ಲಿ ಅಪ್ಪ ರಿಸಲ್ಟ್ ಕೇಳಿದರು. ಇನ್ನೂ ಬಂದಿಲ್ಲ ಎಂದೆ. ಸುಳ್ಳು ಹೇಳುವುದರಲ್ಲಿ ಮಾತ್ರ ನಾನು ಒಂದೇ ಸಲಕ್ಕೆ ಪಾಸಾಗುತ್ತಿದ್ದೆ.

ಅಲ್ಲಿ ಒಂದು ಪದ್ಧತಿಯಿದೆ. ತಿದ್ದಿದ ಪೇಪರನ್ನು ವಿದ್ಯಾರ್ಥಿಗಳು ಬಂದು ನೋಡಲು ಒಂದು ದಿನ ಇಡುತ್ತಾರೆ. ಮೊದಲೆರಡು ಸಲ ನಾನು ಹೋಗಿರಲಿಲ್ಲ. ಮಾಸ್ತರು ಕೊಟ್ಟ ಅಂಕವನ್ನು ಪ್ರಶ್ನಿಸುವುದೆಂದರೆ ನಮ್ಮ ಮನೆಯಲ್ಲಿ ದೇವರ ಪ್ರಸಾದಕ್ಕೆ ಉಪ್ಪು ಕಡಿಮೆ ಎಂದಂತೆ. ಈ ಸಲ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ, ಹೋದೆ.

ಮೊಬೈಲು ಹೊರಗಿಡಿಸಿ, ಪೇಪರು ಮುಂದಿಟ್ಟು, ಕಾಲು ಗಂಟೆ ಕೊಟ್ಟರು. ಪುಟಪುಟಕ್ಕೂ ಕೆಂಪು ಗುರುತು. ಕೊನೆಯ ಪುಟದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ನನ್ನ ಲೆಕ್ಕ ಮೊದಲಿನಿಂದ ಕೊನೆಯವರೆಗೆ ಸರಿಯಾಗಿ, ಗೀಟಿನ ಕೆಳಗೆ ಮಲಗಿತ್ತು. ಪೇಪರು ತಿದ್ದಿದ್ದ ಸಂಶೋಧಕಿಯನ್ನು ಕರೆದು ಇದನ್ನೇಕೆ ನೋಡಲಿಲ್ಲ ಎಂದು ಕೇಳಿದೆ. ನೀವೇ ಹೊಡೆದುಹಾಕಿದ್ದೀರಲ್ಲ, ಹೊಡೆದದ್ದಕ್ಕೆ ಅಂಕವಿಲ್ಲ ಎಂದಳು. ನಮ್ಮಲ್ಲಿ ಇದು ತಪ್ಪೆಂದಲ್ಲ, ಮರ್ಯಾದೆಗೆ ಹೊಡೆಯುವುದು ಎಂದು ವಿವರಿಸಿದೆ. ಅವಳು ನನ್ನನ್ನೂ ಗೀಟನ್ನೂ ಎರಡೆರಡು ಸಲ ನೋಡಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ, ನಾನಂತೂ ಆ ತುತ್ತನ್ನು ಸ್ಕೇಲು ಹಿಡಿದು ತಳ್ಳಿದ್ದೆ.

ಅಂಕ ಕೊಡಲು ಅವಳಿಂದಾಗಲಿಲ್ಲ. ಆದರೆ ಮೂರನೆಯ ಸಲ ಸ್ವಲ್ಪದರಲ್ಲಿ ತಪ್ಪಿದವರಿಗೆ ಅರ್ಧ ಗಂಟೆಯ ಮೌಖಿಕ ಪರೀಕ್ಷೆಯುಂಟು, ಇವತ್ತೇ ಅರ್ಜಿ ಹಾಕಿ ಎಂದಳು. ಗೆದ್ದರೆ ಬರೀ ಪಾಸು, ಸೋತರೆ ಊರಿನ ದಾರಿ. ಅಲ್ಲೇ ಕೂತು ಅರ್ಜಿ ಬರೆದು ಕೊಟ್ಟೆ.

ಹತ್ತು ದಿನದ ನಂತರ ಪ್ರೊಫೆಸರ ಎದುರು ಕೂತೆ. ಬಿಸಿಲಿಗೆ ಕಾದ ಛಾವಣಿಯ ಕೆಳಗೆ ಕೋಣೆಯೊಳಗೆ ಶಾಖ ಯಾವಾಗ ಹೆಚ್ಚು ಎಂದು ಕೇಳಿದರು. ನನಗೆ ನಗು ಬಂತು. ಏಪ್ರಿಲ್ ತಿಂಗಳಲ್ಲಿ ಮಾನ್ವಿಯ ನಮ್ಮ ಸ್ಲ್ಯಾಬಿನ ಕೆಳಗೆ ಅವರು ಒಂದು ಸಂಜೆ ಕೂತಿದ್ದರೆ ಈ ಪ್ರಶ್ನೆ ಕೇಳುತ್ತಿರಲಿಲ್ಲ. ಮಧ್ಯಾಹ್ನವಲ್ಲ, ಹೊತ್ತು ಮುಳುಗುವಾಗ, ಆಗಲೇ ಅವ್ವ ಮಾಳಿಗೆ ಹತ್ತಿ ನೀರು ಹೊಡೆಯುವುದು ಎಂದೆ. ಹಾಗೇಕೆ ಎಂದು ಸಮೀಕರಣ ಬರೆದು ತೋರಿಸಿದೆ. ಪಕ್ಕದಲ್ಲಿ ಮಾಡಿದ್ದ ರಫ್ ಲೆಕ್ಕದ ಮೇಲೆ ನನ್ನ ಪೆನ್ನು ತಾನಾಗಿಯೇ ಇಳಿಯಿತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಪ್ರೊಫೆಸರು ಹಾಳೆಯ ಮೇಲೆ ಅಂಗೈ ಇಟ್ಟು, ಅದು ಇರಲಿ, ನಾನು ಓದಬೇಕು ಎಂದರು.

ಪಾಸಾದೆ. ಇದ್ದುದರಲ್ಲೇ ಕಟ್ಟಕಡೆಯ ದರ್ಜೆ, ನನಗೆ ಚಿನ್ನದ ಪದಕಕ್ಕಿಂತ ಹೆಚ್ಚು. ಹೋದ ಜೀವ ಬಂದಂತಾಗಿ, ಹೊರಗಿನ ಮೆಟ್ಟಿಲ ಮೇಲೆ ಕೂತು, ಒಲೆಯ ಮುಂದೆ ಬಾರದ ಅಳುವನ್ನೆಲ್ಲ ಅಲ್ಲಿ ಅತ್ತೆ. ಮನಸ್ಸು ಎಷ್ಟು ಹಗುರಾಗಿತ್ತೆಂದರೆ ಎರಡು ಬಸ್ ಸ್ಟಾಪು ನಡೆದೇ ಹೋದೆ.

ರಜೆಗೆ ಮಾನ್ವಿಗೆ ಬಂದ ಮೊದಲ ಭಾನುವಾರ. ಅವ್ವ ನೆನೆಸಿದ ಮಂಡಕ್ಕಿಗೆ ಒಗ್ಗರಣೆ ಹಾಕಿ ಸುಸಲಾ ಮಾಡಿಟ್ಟಿದ್ದಳು, ಅಪ್ಪ ಶಾಲೆಯ ಕಿರುಪರೀಕ್ಷೆಯ ಪೇಪರು ತಿದ್ದಿ ಮುಗಿಸಿ ಕಟ್ಟು ಕಟ್ಟುತ್ತಿದ್ದರು. ಎಲ್ಲವನ್ನೂ ಹೇಳಿಬಿಟ್ಟೆ: ಮೂರು ಸಲ ಫೇಲಾದದ್ದು, ಫೋನಿನ ಸುಳ್ಳು, ಗೀಟು. ಅಪ್ಪ ಬೈಯಲಿಲ್ಲ. ನೋಟುಬುಕ್ಕು ಕೊಟ್ಟು ಆ ಲೆಕ್ಕ ಬರೆದು ತೋರಿಸು ಎಂದರು. ಬರೆದೆ. ಹೀಟ್ ಟ್ರಾನ್ಸ್‌ಫರ್ ಅವರಿಗೆ ಗೊತ್ತಿಲ್ಲ, ಆದರೆ ಕೂಡಿಸಿದ್ದು ಭಾಗಿಸಿದ್ದು ಒಂದೊಂದು ಸಾಲೂ ಬೆರಳಿಟ್ಟು ನೋಡಿದರು.

"ಇಷ್ಟೂ ಸರಿ ಅದ," ಎಂದರು. "ಇದನ್ಯಾಕ ಹೊಡದಿ ಯವ್ವಾ?"

"ನೀವೇ ಹೇಳಿಕೊಟ್ಟಿದ್ರಲ್ಲಪ್ಪಾ."

ಅಪ್ಪ ನೋಟುಬುಕ್ಕಿನ ಮೇಲಿದ್ದ ಬೆರಳು ತೆಗೆದರು. ನನಗೆ ಹೆದರಿಕೆಯಿದ್ದುದು ಇದಕ್ಕೇ. ಫೇಲಾದದ್ದಕ್ಕಿಂತ ಈ ಮಾತು ಅವರಿಗೆ ಚುಚ್ಚೀತು ಎಂದೇ ಪಾಸಾದ ಮೇಲೂ ಬಚ್ಚಿಟ್ಟಿದ್ದೆ. ಸುಸಲಾ ಆರಿಹೋಗುತ್ತದೆ ಎಂದು ಅವ್ವ ಒಳಗಿನಿಂದ ಎರಡು ಸಲ ಕರೆದಳು.

"ಮೂವತ್ತು ವರ್ಷ ಆತು ಪೇಪರ್ ತಿದ್ದಾಕತ್ತಿ," ಎಂದರು ಕೊನೆಗೆ. "ಹೊಡದದ್ದನ್ನ ಒಂದ್ ದಿನಾನೂ ಓದಿಲ್ಲ ನೋಡು."

ಹಾಗೆಂದು, ಕಟ್ಟಿದ ಕಟ್ಟಿನ ದಾರ ಬಿಚ್ಚಿದರು. ಮೇಲಿನ ಪೇಪರು ತೆಗೆದು, ಮುಂದಿನ ಪುಟಗಳನ್ನು ಬಿಟ್ಟು, ನೇರ ಕೊನೆಯ ಪುಟಕ್ಕೆ ಹೋದರು. ನಾನು ಪಕ್ಕದಲ್ಲಿ ಕೂತು ಎರಡನೆಯ ಪೇಪರು ಎತ್ತಿಕೊಂಡೆ. ಏಳನೆಯದೋ ಎಂಟನೆಯದೋ ಪೇಪರಿನಲ್ಲಿ, ಗೀಟಿನ ಕೆಳಗೆ, ಒಂದು ಲೆಕ್ಕ ಸರಿಯಾಗಿತ್ತು. ಅಪ್ಪ ಅದನ್ನು ಎರಡು ಸಲ ಓದಿ, ಕೆಂಪು ಪೆನ್ನು ತೆಗೆದು, ಮೂರು ಅಂಕ ಕೊಟ್ಟರು.