ಆನೆಮನೆಯ ಮುಂದಿನ ಕಲ್ಲುಬೆಂಚು

ಆ ದಿನಗಳಲ್ಲಿ ಕಡಕೊಳದ ನಮಗೆ ಮೈಸೂರೆಂದರೆ ಓಡುವ ಊರು. ಅಪ್ಪನ ಜೊತೆ ರೈಲಿಳಿದರೆ ಪೇಟೆಗೆ ಓಡಬೇಕು, ಬೀಜವೋ ಹಗ್ಗವೋ ಕೊಂಡು ಮತ್ತೆ ಸ್ಟೇಷನ್ನಿಗೆ ಓಡಬೇಕು. ಅರಮನೆಯನ್ನು ನಾನು ನಿಂತು ನೋಡಿದ್ದೇ ಇರಲಿಲ್ಲ.

ಹತ್ತನೇ ವಯಸ್ಸಿನಲ್ಲಿ ಆ ಯೋಗ ಬಂತು. ವಾದ ಮಾಡಿ ನಾನೇ ಗೆದ್ದುಕೊಂಡದ್ದು ಎಂದು ನಂಬಿದ್ದೆ. ಅಕ್ಕ ಸಾವಿತ್ರಿಯನ್ನು ಶಾಲೆ ಬಿಡಿಸುವ ಮಾತು ಮನೆಯಲ್ಲಿ ಎದ್ದಿತ್ತು. ಅವಳ ಎಸ್ಸೆಸ್ಸೆಲ್ಸಿಗೆ ಇನ್ನೊಂದೇ ವರ್ಷ. ಅವಳು ಬಾಯಿ ಬಿಡುವವಳಲ್ಲ. ಅವಳ ಪರವಾಗಿ ಜಗುಲಿಯಲ್ಲಿ ದಿನವೂ ಅಪ್ಪನನ್ನು ಕಾಡಿದವಳು ನಾನು.

"ಅರ್ಧ ಹೊಲ ಉತ್ತು ನೇಗಿಲು ಬಿಚ್ಚುಬುಡ್ತೀಯಾ ಅಪ್ಪ?"

ಅಪ್ಪ ನಕ್ಕ. "ಗೆದ್ದೆ ಕಣವ್ವ, ಓದ್ಲಿ ಬುಡು. ಭಾನುವಾರ ಇಬ್ರಿಗೂ ಮೈಸೂರು ತೋರಿಸ್ತೀನಿ, ಅರಮನೆ, ಜೂ ಎಲ್ಲ."

ಆ ಭಾನುವಾರ ಅಪ್ಪ ಓಡಲಿಲ್ಲ. ಜಟಕಾ ಮಾಡಿಸಿದ, ಅರಮನೆಯ ಮುಂದೆ ಇಳಿಸಿದ, ಚುರುಮುರಿ ಕೊಡಿಸಿದ. ಹಸಿಮೆಣಸಿನಕಾಯಿಯ ಖಾರಕ್ಕೆ ಅಕ್ಕನ ಮೂಗು ಕೆಂಪಗಾಯಿತು. ಅವ್ವ ಅವಳಿಗೆ ತನ್ನ ರೇಷ್ಮೆ ಸೀರೆ ಉಡಿಸಿ ಕಳಿಸಿದ್ದಳು. ಪ್ರಾಣಿ ನೋಡಲು ರೇಷ್ಮೆ ಸೀರೆ ಯಾಕೆ ಎಂದು ನಾನು ಕೇಳಬೇಕಿತ್ತು. ಗೆದ್ದ ಅಮಲಿನಲ್ಲಿದ್ದೆ, ಕೇಳಲಿಲ್ಲ.

ಆಮೇಲೆ ಮೃಗಾಲಯದಲ್ಲಿ ಆನೆಮನೆಯ ಮುಂದಿನ ಕಲ್ಲುಬೆಂಚಿನ ಮೇಲೆ ನಮ್ಮನ್ನು ಕೂರಿಸಿ, ಅಪ್ಪ ಬೀಡಿ ಹಚ್ಚಿಕೊಂಡು ಪಕ್ಕದಲ್ಲಿ ನಿಂತ. ಹಸಿ ಹುಲ್ಲು, ಲದ್ದಿಯ ವಾಸನೆ. "ವಸಿ ಜರುಗ್ರವ್ವ" ಎನ್ನುತ್ತ ದಪ್ಪ ಮೂಗುಬೊಟ್ಟಿನ ಹೆಂಗಸೊಬ್ಬರು ಬಂದು ಕೂತರು. ಅವರ ಜೊತೆ ಬಂದ ಕೋಟಿನ ಯುವಕ ಆನೆಯನ್ನು ಬಿಟ್ಟು ಬೇರೆಲ್ಲ ಕಡೆ ನೋಡುತ್ತಿದ್ದ.

ಅಕ್ಕ ಓದುತ್ತಿದ್ದಾಳೆಂದು ನನ್ನಿಂದಲೇ ತಿಳಿದು ಆಕೆ ತುಟಿ ಓರೆ ಮಾಡಿದರು. "ಓದೋ ಹುಡ್ಗೀರಿಗೆ ಮನೆಗೆಲ್ಸ ಏನ್ ಬತ್ತದೆ ಬುಡು."

ನನಗೆ ಅಷ್ಟು ಸಾಕಿತ್ತು. "ಯಾಕ್ ಬರಲ್ಲ? ಕೋಳಿ ಕೂಗೋಕ್ ಮುಂಚೆ ಏಳ್ತಾಳೆ. ಇವಳು ತೊಳಸಿದ ಮುದ್ದೇಲಿ ಒಂದ್ ಗಂಟು ತೋರ್ಸಿ ನೋಡಾನ. ಅವ್ವಂಗೆ ಜ್ವರ ಬಂದಾಗ ಹಸು ಕರೆದೋಳೂ ಇವಳೇ."

"ಕ್ವಾಪ ಗೀಪ?"

"ಅದು ನಂಗೈತೆ. ಇವಳಿಗಿಲ್ಲ."

ಆಕೆ ನಗುತ್ತ ಅಪ್ಪನ ಕಡೆ ತಿರುಗಿದರು. "ಲಾಯರ್‌ನೇ ಕರ್ಕೊಂಡ್ ಬಂದಿದೀರಲ್ಲ ಗೌಡ್ರೇ." ಚೀಲದಿಂದ ಮಲ್ಲಿಗೆ ತೆಗೆದು ಅಕ್ಕನ ಜಡೆಗೆ ಮುಡಿಸಿದರು. ಅಪ್ಪ ಬೀಡಿ ಎಸೆದು ಕೈ ಮುಗಿದ.

ಮನೆಗೆ ಬಂದು ನೋಡಿ ಬೇಡವೆಂದರೆ ಹೆಣ್ಣಿಗೆ ಕೆಟ್ಟ ಹೆಸರು ಬರುತ್ತದೆಂದು, ಹೀಗೆ ಆಕಸ್ಮಿಕದಂತೆ ತೋರಿಸುವುದು ನಮ್ಮವರ ರೂಢಿ. ಹೂವು ಮುಡಿಸಿದರೆ ಒಪ್ಪಿದಂತೆ. ಆ ಹೂವಿನ ಅರ್ಥ ನನಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು.

ರೈಲಿನಲ್ಲಿ ನಾನು ಅಪ್ಪನನ್ನು ಹಿಡಿದೆ. "ಓದ್ಲಿ ಅಂದಿದ್ಯಲ್ಲ?"

"ಮದ್ವೆ ಆದ್ಮೇಲೆ ಓದ್ಬಾರ್ದು ಅಂತ ಯಾರಂದ್ರು?" ಎಂದು ಅಪ್ಪ ಕಣ್ಣು ಮುಚ್ಚಿಕೊಂಡ.

ಅಕ್ಕ ಕೇಳಿದ್ದು ಒಂದೇ ಮಾತು. "ನಿಂಗೂ ಮೊದ್ಲೇ ಗೊತ್ತಿತ್ತಾ?"

"ದೇವ್ರಾಣೆ ಇಲ್ಲ ಕಣಕ್ಕ."

"ಆಯಮ್ಮಂಗೆ ಅಷ್ಟ್ ಚೆಂದಾಗಿ ಹೇಳ್ದಲ್ಲ" ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಆಷಾಢಕ್ಕೆ ಮೊದಲೇ ಮದುವೆಯಾಯಿತು. ಪರೀಕ್ಷೆಗೆ ಅವಳು ಕೂರಲೇ ಇಲ್ಲ. ನನ್ನನ್ನು ಮಾತ್ರ ಅಪ್ಪ ಓದಿಸಿದ. ಈಗ ಅದೇ ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ಕಪ್‌ಗಳನ್ನು ಗೆಲ್ಲುತ್ತೇನೆ. ಮೊನ್ನೆ ಗೌರಿಹಬ್ಬಕ್ಕೆ ಅಕ್ಕನ ಮನೆಗೆ ಹೋದಾಗ ಎಲ್ಲವನ್ನೂ ಮೊದಲಿನಿಂದ ವಿವರಿಸಿದೆ: ನನಗೆ ಯಾರೂ ಹೇಳಿರಲಿಲ್ಲ, ಅಪ್ಪ ನನಗೂ ಮೋಸ ಮಾಡಿದ ಎಂದೆ. ಮಗುವಿನ ತಲೆ ಬಾಚುತ್ತ ಪೂರ್ತಿ ಕೇಳಿಸಿಕೊಂಡಳು.

"ಇರ್ಲಿ ಬುಡು, ಈಗ್ಯಾಕೆ" ಎಂದಳು.

ಸಾಕ್ಷಿ ಕೇಳದೆ ನನ್ನ ಮಾತು ನಂಬುತ್ತಿದ್ದವಳು ನಮ್ಮ ಮನೆಯಲ್ಲಿ ಅವಳೊಬ್ಬಳೇ ಇದ್ದಳು.