ಮೊಮ್ಮಗಳ ಶ್ರೀ, ಮೇಷ್ಟ್ರ ಕಪ್ಪು ಮಸಿ

ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಆದರೂ ಕಪ್ಪು ಮಸಿಯೊಳಗೆ ಏನೇನು ಅಡಗಿದೆ ಅಂತ ಯಾರು ಕೇಳಿದರೂ ಹೇಳಬಲ್ಲೆ. ಕಲಿಸಿದವಳು ನನ್ನ ಮೊಮ್ಮಗಳು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅವಳು ಜಕ್ಕೂರಿನಿಂದ ಯಲಹಂಕದ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದಳು. ಶಾಲೆಯಲ್ಲಿ ವಿಜ್ಞಾನದ ವಸ್ತುಪ್ರದರ್ಶನ. ಹಿಂದಿನ ದಿನ ಸೈನ್ಸ್ ಮೇಷ್ಟ್ರ ಮುಂದೆ ಸರಿಯಾಗಿ ಮಾಡಿ ತೋರಿಸಿದವರಿಗೆ ಮಾತ್ರ ಮೇಜು. ಆ ಮೇಜು ಎಲ್ಲಿ ತಪ್ಪಿಹೋಗುತ್ತೋ ಅಂತ ಹುಡುಗಿಗೆ ಊಟವೇ ಸೇರುತ್ತಿರಲಿಲ್ಲ. ಆ ಹಿಂದಿನ ದಿನ ನಾನೂ ಜೊತೆಗೆ ಹೋಗಿ ಕಿಟಕಿ ಹತ್ತಿರ ನಿಂತೆ.

ಅವಳದು ಕ್ರೊಮ್ಯಾಟೋಗ್ರಫಿಯಂತೆ, ನನ್ನ ನಾಲಿಗೆ ಹೊರಳದ ಹೆಸರು. ಬ್ಲಾಟಿಂಗ್ ಕಾಗದದ ಉದ್ದನೆ ಪಟ್ಟಿ, ಕೆಳಗಡೆ ಮೇಷ್ಟ್ರು ಕೊಟ್ಟ ಕಪ್ಪು ಮಸಿಯ ಒಂದು ಚುಕ್ಕೆ. ಪಟ್ಟಿಯನ್ನು ಕಡ್ಡಿಗೆ ನೇತುಹಾಕಿ, ಕೆಳತುದಿಯಷ್ಟೇ ತಾಗುವಂತೆ ಗಾಜಿನ ಲೋಟದ ನೀರಿಗೆ ಇಳಿಬಿಟ್ಟಳು. ನೀರು ಮೆಲ್ಲಗೆ ಏರಿತು. ಚುಕ್ಕೆ ದಾಟುತ್ತಲೇ ಕಪ್ಪು ಒಡೆದು ಕೆಳಗೆ ನೇರಳೆ, ನಡುವೆ ಹಳದಿ, ಮೇಲೆ ನೀಲಿ. ನನಗೆ ಮೈ ಜುಮ್ ಅಂತು.

ಮೇಷ್ಟ್ರು ಬಗ್ಗಿ ನೋಡಿ, "ಮೇಲ್ತುದೀಲಿ ಇದೇನಮ್ಮ, ಇನ್ನೊಂದು ನೀಲಿ?" ಅಂದರು.

ನಮ್ಮ ಮನೆಯಲ್ಲಿ ಯಾವ ಕಾಗದ ಕೈಗೆ ಬಂದರೂ ಮೊದಲು ಅದರ ನೆತ್ತಿಯಲ್ಲಿ ಶ್ರೀ ಬರೆಯುವುದು ವಾಡಿಕೆ. ಹುಡುಗಿ ಅದೇ ರೂಢಿಯಲ್ಲಿ ತನ್ನ ನೀಲಿ ಪೆನ್ನಿನಿಂದ ಇಲ್ಲೂ ಬರೆದುಬಿಟ್ಟಿದ್ದಳು. ನೀರು ಅಲ್ಲಿಗೂ ಏರಿ ಅಕ್ಷರ ಕದಡಿತ್ತು.

"ಮಂಗಳಾರತಿ ಯಾವಾಗ ಸಾರ್?" ಅಂದ ಒಬ್ಬ ಹುಡುಗ. ಎಲ್ಲ ನಕ್ಕರು.

ಅವಳ ಕಣ್ಣು ತುಂಬಿತು. ಆದರೂ ಪಟ್ಟಿಯನ್ನೇ ನೋಡುತ್ತಿದ್ದವಳು, "ಸಾರ್, ನಿಮ್ಮ ಕಪ್ಪು ಮೂರು ಬಣ್ಣ ಆಗಿದೆ. ನನ್ನ ಶ್ರೀ ಎಷ್ಟು ಹರಡಿದ್ರೂ ನೀಲೀನೇ. ಇದ್ರಲ್ಲಿರೋದು ಒಂದೇ ಬಣ್ಣ ಇರ್ಬೇಕು" ಅಂದಳು.

"ಇರ್ಬೇಕು ಅಂದ್ರೆ ಸಾಲದು. ಅದನ್ನೂ ಕೆಳಗೆ ಚುಕ್ಕೆ ಇಟ್ಟು ತೋರಿಸು."

ಇನ್ನೊಂದು ಪಟ್ಟಿಯಲ್ಲಿ ಎರಡು ಚುಕ್ಕೆ ಅಕ್ಕಪಕ್ಕ ಇಟ್ಟಳು. ಕಪ್ಪು ಮತ್ತೆ ಒಡೆಯಿತು, ನೀಲಿ ನೀಲಿಯಾಗಿಯೇ ಏರಿತು.

"ಬಾಗಿಲ ಹತ್ತಿರದ ಮೇಜು ನಿಂದು," ಅಂದರು ಮೇಷ್ಟ್ರು. "ಶ್ರೀ ಮಾತ್ರ ಪೆನ್ಸಿಲ್‌ನಲ್ಲಿ ಬರಿ. ಅದು ನೀರಿಗೆ ಜಗ್ಗಲ್ಲ."

ಮಾರನೇ ದಿನ ಪ್ರದರ್ಶನದಲ್ಲಿ ಅವಳ ಮೇಜಿನ ಮುಂದಿನ ಸಾಲಿನಲ್ಲಿ ನಾನೂ ನಿಂತೆ. ಗುರುತೇ ಇಲ್ಲದವನ ಹಾಗೆ, "ಇದೇನ್ ತಾಯಿ?" ಅಂದೆ. ಅವಳು ನಗಲಿಲ್ಲ.

"ನೋಡಿ ಸ್ವಾಮಿ, ನೀರು ಎಲ್ಲ ಬಣ್ಣಾನೂ ಎಳ್ಕೊಂಡು ಹೋಗುತ್ತೆ. ಕಾಗದಾನ ಬಿಗಿಯಾಗಿ ಹಿಡ್ಕೊಂಡಿದ್ದು ಹಿಂದೆ ಉಳಿಯುತ್ತೆ, ಸಡಿಲವಾಗಿ ಹಿಡ್ಕೊಂಡಿದ್ದು ಮುಂದೆ ಹೋಗುತ್ತೆ. ಅದಕ್ಕೇ ಬೇರೆಬೇರೆ ಆಗೋದು."

ಹೊರಗೆ ಬಂದವನು ಮನೆಗೆ ಹೋಗಲಾರದೆ ಮತ್ತೆ ಸಾಲಿನ ಕೊನೆಗೆ ಸೇರಿಕೊಂಡೆ.

"ಈಗ ತಾನೇ ಹೇಳಿದ್ನಲ್ಲ ಸ್ವಾಮಿ," ಅಂದಳು, ಈ ಸಲ ತುಟಿ ಕಚ್ಚಿಕೊಂಡು. "ಹಿಂದೆ ಜನ ಕಾಯ್ತಾವ್ರೆ."